ಲಾಕ್‌ಡೌನ್ ಕಾಲದ ಖಾಲಿ ತುರ್ತು ವಿಭಾಗ, ಈಗಿನ ಬಿಡದ ಕೆಮ್ಮು

ಪ್ರಶ್ನೆ: ನಾವು ಹೊಸನಗರ ತಾಲ್ಲೂಕಿನ ಒಳ ಊರಿನವರು. 2020ರ ಮೇ ತಿಂಗಳಲ್ಲಿ ಹುಟ್ಟಿದ ಮಗನಿಗೆ ಮೊದಲ ಎರಡು ವರ್ಷ ನೆಗಡಿ ಬಂದದ್ದೇ ಅಪರೂಪ. ಅಂಗನವಾಡಿಗೆ ಸೇರಿದ ಮೇಲೆ, ಈಗ ಶಾಲೆಗೆ ಹೋಗುವಾಗಲೂ, ಕೆಮ್ಮು ಜ್ವರ ಮತ್ತೆ ಮತ್ತೆ ಬರುತ್ತಿವೆ. ಲಾಕ್‌ಡೌನ್‌ನಿಂದ ಅವನ ರೋಗನಿರೋಧಕ ಶಕ್ತಿ ಕುಂದಿದೆಯೇ? ಶಿವಮೊಗ್ಗಕ್ಕೆ ಕರೆದೊಯ್ಯಲು ಹೊರಟರೆ ನಮ್ಮ ಮಾವನವರು, "ಆಗ ಯಾರೂ ಆಸ್ಪತ್ರೆಗೆ ಓಡಲಿಲ್ಲ, ಮಕ್ಕಳು ಚೆನ್ನಾಗಿಯೇ ಇದ್ದವಲ್ಲ" ಎನ್ನುತ್ತಾರೆ. ಅದು ಸರಿಯೇ?

ಉತ್ತರ (ಮಕ್ಕಳ ತಜ್ಞರು, ಶಿವಮೊಗ್ಗ): ಆಸ್ಪತ್ರೆಗೆ ಬರುವ ಮಕ್ಕಳು ಕಡಿಮೆಯಾಗಿದ್ದರು ಎಂಬಷ್ಟರ ಮಟ್ಟಿಗೆ ನಿಮ್ಮ ಮಾವನವರ ಮಾತು ನಿಜ. ಅಮೆರಿಕದಲ್ಲಿ 2020ರ ಏಪ್ರಿಲ್ ಹೊತ್ತಿಗೆ ಹತ್ತು ವರ್ಷದವರೆಗಿನ ಮಕ್ಕಳ ತುರ್ತು ವಿಭಾಗದ ಭೇಟಿಗಳು ಹಿಂದಿನ ವರ್ಷಕ್ಕಿಂತ ಶೇ 72ರಷ್ಟು ಇಳಿದಿದ್ದವು. ಶಾಲೆ, ಅಂಗನವಾಡಿ, ಜಾತ್ರೆ, ಮದುವೆ ಎಲ್ಲವೂ ನಿಂತಾಗ ಉಸಿರಾಟದ ಸೋಂಕು ಒಂದು ಮಗುವಿನಿಂದ ಇನ್ನೊಂದಕ್ಕೆ ದಾಟುವ ದಾರಿಯೇ ಮುಚ್ಚಿತ್ತು. ಸೋಂಕಿನಿಂದ ಕೆರಳುವ ಉಬ್ಬಸವೂ ಅದರೊಂದಿಗೆ ತಗ್ಗಿತು. ಇಷ್ಟನ್ನು ಲಾಭವೆಂದೇ ಹೇಳಬಹುದು.

ಆದರೆ ಆ ಇಳಿಕೆಯೊಳಗೆ ಬರಬೇಕಾಗಿದ್ದೂ ಬಾರದವರು ಇದ್ದರು. 2020ರ ಮಾರ್ಚ್‌ನಲ್ಲಿ ಇಟಲಿಯ ಕೆಲವು ಆಸ್ಪತ್ರೆಗಳಲ್ಲಿ ಮಕ್ಕಳ ತುರ್ತು ಭೇಟಿಗಳು ಶೇ 73ರಿಂದ 88ರವರೆಗೆ ಕುಸಿದಾಗ, ಸೋಂಕಿನ ಭಯದಿಂದ ತಡವಾಗಿ ಕರೆತಂದ 12 ಮಕ್ಕಳ ವಿವರವನ್ನು ಅಲ್ಲಿನ ವೈದ್ಯರು ಪ್ರಕಟಿಸಿದರು. ಅವರಲ್ಲಿ ನಾಲ್ವರು ತೀರಿಕೊಂಡಿದ್ದರು. ಮಧುಮೇಹವು ಮಿತಿಮೀರಿ ರಕ್ತ ಆಮ್ಲೀಯವಾದ ಸ್ಥಿತಿಯಲ್ಲಿ ಬಂದ ಮಕ್ಕಳೂ ಆ ಗುಂಪಿನಲ್ಲಿದ್ದರು. ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ನಿಂತುಹೋಗಿದ್ದ ಹಾಸಿಗೆ ಒದ್ದೆಯಾಗುವ ಅಭ್ಯಾಸ ಮತ್ತೆ ಶುರುವಾಗುವುದು, ತೂಕ ಇಳಿಯುವುದು, ಇವನ್ನು ಆಗಲೇ ಗಮನಿಸಿ ಸಕ್ಕರೆ ಪರೀಕ್ಷೆ ಮಾಡಿಸಿದರೆ ಆ ಹಂತವನ್ನು ಬಹುಮಟ್ಟಿಗೆ ತಪ್ಪಿಸಬಹುದು. "ಆಗ ಮಕ್ಕಳು ಚೆನ್ನಾಗಿಯೇ ಇದ್ದವು" ಎನ್ನುವಾಗ ನಮ್ಮ ನೆನಪಿಗೆ ಬರುವವರು ಉಳಿದುಕೊಂಡ ಮಕ್ಕಳು ಮಾತ್ರ.

ಇನ್ನು ನಿಮ್ಮ ಮಗನ ವಿಷಯ. ಲಾಕ್‌ಡೌನ್ ಅವನ ಶಕ್ತಿಯನ್ನು ಕುಂದಿಸಿಲ್ಲ. ಅವನ ದೇಹಕ್ಕೆ ಸಾಮಾನ್ಯ ವೈರಸ್‌ಗಳ ಪರಿಚಯವಾಗುವುದು ತಡವಾಯಿತು, ಅಷ್ಟೆ. ಆಸ್ಟ್ರೇಲಿಯಾದಲ್ಲಿ 2020ರ ಚಳಿಗಾಲದಲ್ಲಿ ಕಾಣೆಯಾಗಿದ್ದ ಆರ್‌ಎಸ್‌ವಿ ಎಂಬ ಶ್ವಾಸಕೋಶದ ಸೋಂಕು ಆ ವರ್ಷದ ಕೊನೆಗೆ, ಅಂದರೆ ಅಲ್ಲಿನ ಬೇಸಿಗೆಯಲ್ಲಿ, ಕಾಲ ತಪ್ಪಿ ಉಲ್ಬಣಿಸಿತ್ತು. ಅಂಗನವಾಡಿ ವಯಸ್ಸಿನ ಆರೋಗ್ಯವಂತ ಮಗುವಿಗೆ ವರ್ಷದಲ್ಲಿ ಆರರಿಂದ ಎಂಟು ಬಾರಿ ನೆಗಡಿ ಬರುವುದು ಸಹಜ. ಮಲೆನಾಡಿನಲ್ಲಿ ಅವುಗಳಲ್ಲಿ ಹೆಚ್ಚಿನವು ಮಳೆಗಾಲದಲ್ಲೇ ಒಟ್ಟಾಗಿ ಬಂದರೆ ಕಾಯಿಲೆ ಬಿಟ್ಟೇ ಇಲ್ಲವೆಂದು ಅನ್ನಿಸುತ್ತದೆ. ನಡುನಡುವೆ ಚೆನ್ನಾಗಿ ಆಡಿಕೊಂಡು, ಉಂಡು, ತೂಕ ಹೆಚ್ಚುತ್ತಿದ್ದರೆ ರೋಗನಿರೋಧಕ ಟಾನಿಕ್‌ಗಳಿಗೆ ದುಡ್ಡು ಸುರಿಯಬೇಕಿಲ್ಲ, ಪ್ರತಿ ಜ್ವರಕ್ಕೂ ಆ್ಯಂಟಿಬಯಾಟಿಕ್ ಬೇಕಿಲ್ಲ. ನೆಗಡಿಯ ಬದಲು ಮತ್ತೆ ಮತ್ತೆ ನ್ಯುಮೋನಿಯಾ ಆಗುತ್ತಿದ್ದರೆ, ತೂಕ ನಿಂತುಹೋಗಿದ್ದರೆ, ರಾತ್ರಿಯ ಕೆಮ್ಮಿನ ಜೊತೆ ಎದೆಯಲ್ಲಿ ಸುಯ್‌ಗುಟ್ಟುವ ಸದ್ದಿದ್ದರೆ ಮಾತ್ರ ವಿವರವಾದ ತಪಾಸಣೆ ಬೇಕು.

ಹಾಗಾದರೆ ಯಾವಾಗ ಹೊರಡಬೇಕು? ನಿಮ್ಮ ಊರಿನಿಂದ ಘಟ್ಟದ ರಸ್ತೆಯಲ್ಲಿ, ಮಳೆಯಲ್ಲಿ ಬರುವುದಕ್ಕೆ ಹಿಡಿಯುವ ಹೊತ್ತನ್ನು ಲೆಕ್ಕಕ್ಕೆ ಹಿಡಿದರೆ, ಪೇಟೆಯವರಿಗಿಂತ ಬೇಗ ನಿರ್ಧರಿಸಬೇಕಾದವರು ನೀವು. ಮಲಗಿರುವ ಮಗುವಿನ ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿ: ಒಂದರಿಂದ ಐದು ವರ್ಷದವರಿಗೆ 40 ಅಥವಾ ಹೆಚ್ಚು, ಐದು ದಾಟಿದವರಿಗೆ 30 ಅಥವಾ ಹೆಚ್ಚು ಇದ್ದರೆ ಅದೇ ದಿನ ವೈದ್ಯರಿಗೆ ತೋರಿಸಬೇಕು. ಉಸಿರೆಳೆಯುವಾಗ ಪಕ್ಕೆಯ ಕೆಳಗೆ ಗುಳಿ ಬಿದ್ದರೆ, ತುಟಿ ನೀಲಿಯಾದರೆ, ಕುಡಿದದ್ದೆಲ್ಲ ವಾಂತಿಯಾಗಿ ಮೂತ್ರ ಕಡಿಮೆಯಾದರೆ, ಎಬ್ಬಿಸಿದರೂ ಮಂಪರಿನಲ್ಲೇ ಇದ್ದರೆ, ಫಿಟ್ಸ್ ಬಂದರೆ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಿ. ಡಿಸೆಂಬರ್‌ನಿಂದ ಮೇವರೆಗೆ ಮನೆಯವರು ಸೊಪ್ಪು, ದರಗಿಗೆಂದು (ಒಣ ಎಲೆಗೆಂದು) ಕಾಡಿಗೆ ಹೋಗಿ ಬರುವವರಾಗಿದ್ದರೆ, ತಲೆನೋವಿನೊಂದಿಗೆ ಬರುವ ತೀವ್ರ ಜ್ವರದಲ್ಲಿ ಕಾಡಿನ ಉಣ್ಣೆಗಳಿಂದ ಹರಡುವ ಮಂಗನ ಕಾಯಿಲೆಯನ್ನೂ ಯೋಚಿಸಬೇಕಾಗುತ್ತದೆ. ಆ ವಿಷಯವನ್ನು ವೈದ್ಯರಿಗೆ ನೀವಾಗಿಯೇ ತಿಳಿಸಿ.

ಮಕ್ಕಳು ಮನೆಯಲ್ಲೇ ಉಳಿದರೆ ಅಪಾಯವೂ ಮನೆಯೊಳಗೇ ಇರುತ್ತದೆ ಎಂಬುದು ಆ ದಿನಗಳ ಇನ್ನೊಂದು ಪಾಠ, ಮತ್ತು ಅದು ಬೇಸಿಗೆ ರಜೆಗೂ ಅನ್ವಯಿಸುತ್ತದೆ. ಬಚ್ಚಲೊಲೆಯ ಹಂಡೆ, ಅಡಿಕೆ ಬೇಯಿಸುವ ಒಲೆ, ಅಡಿಕೆಗೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆಂದು ತಂದಿಟ್ಟ ಮೈಲುತುತ್ತ (ತಾಮ್ರದ ಸಲ್ಫೇಟ್) ಮಕ್ಕಳ ಕೈಗೆಟುಕಬಾರದು. ಮೈಲುತುತ್ತ ಬಾಯಿಗೆ ಹೋದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಪೊಟ್ಟಣವನ್ನು ಜೊತೆಗೆ ಹಿಡಿದು ನೇರ ಆಸ್ಪತ್ರೆಗೆ ಬನ್ನಿ.

ಕೊನೆಯದಾಗಿ, ತಾಯಿ ಕಾರ್ಡ್ ತೆರೆದು ನೋಡಿ. 2020ರಲ್ಲಿ ಜಗತ್ತಿನಾದ್ಯಂತ 2.3 ಕೋಟಿ ಮಕ್ಕಳಿಗೆ ವಾಡಿಕೆಯ ಮೂಲ ಲಸಿಕೆಗಳು ಪೂರ್ತಿಯಾಗಿ ಸಿಗಲಿಲ್ಲ, ಮತ್ತು ನಿಮ್ಮ ಮಗ ಹುಟ್ಟಿದ್ದೂ ಅದೇ ವರ್ಷ. ಯಾವುದಾದರೂ ಡೋಸ್ ತಪ್ಪಿದ್ದರೆ ಮೊದಲಿನಿಂದ ಆರಂಭಿಸಬೇಕಿಲ್ಲ, ನಿಂತಲ್ಲಿಂದ ಮುಂದುವರಿಸಿದರೆ ಸಾಕು. ಐದರಿಂದ ಆರು ವರ್ಷದೊಳಗೆ ಕೊಡಬೇಕಾದ ಡಿಪಿಟಿ (ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ತಡೆಯುವ ಲಸಿಕೆ) ಎರಡನೆಯ ಬೂಸ್ಟರ್ ಆಗಿದೆಯೇ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಅದನ್ನು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಉಚಿತವಾಗಿ ಹಾಕುತ್ತಾರೆ.