ನಿಂಬೆ ತೋಟಕ್ಕೆ ಬ್ಯಾಂಕ್ ನೋಟಿಸ್: ತಕರಾರು ಹೇಗೆ ಬರೆಯಬೇಕು?

ಇಂಡಿ ಹತ್ತಿರದ ನಿಂಬೆ ತೋಟಕ್ಕೆ ಬ್ಯಾಂಕಿನವರು ಸ್ವಾಧೀನದ ನೋಟಿಸ್ ಅಂಟಿಸಿದ್ದಾರೆ, ವಿಜಯಪುರದ ಸಿವಿಲ್ ಕೋರ್ಟಿಗೆ ಹೋಗಲಾ ಅಂತ ಕೇಳಿದ್ದೀರಿ. ಅಲ್ಲಿ ಸುಮ್ನೆ ದಿನ ಹೋಗುತ್ತವೆ. ಕೋರ್ಟಿಗೆ ಹೋಗದೆಯೇ ಅಡವಿಟ್ಟ ಆಸ್ತಿಯನ್ನು ವಶಕ್ಕೆ ಪಡೆಯಲು ಬ್ಯಾಂಕಿಗೆ ಅಧಿಕಾರ ಕೊಡುವ 2002ರ ಸರ್ಫೇಸಿ ಕಾಯ್ದೆಯ 34ನೇ ಕಲಂ ಅಡ್ಡ ಬರುತ್ತದೆ, ಇಂಥ ತಕರಾರನ್ನು ಸಿವಿಲ್ ಕೋರ್ಟ್ ವಿಚಾರಿಸುವಂತಿಲ್ಲ. 17ನೇ ಕಲಂ ಪ್ರಕಾರ 45 ದಿನದೊಳಗೆ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ ಅರ್ಜಿ ಹಾಕಿ.

‘ಅನ್ಯಾಯವಾಗಿದೆ’ ಅಂತಷ್ಟೇ ಬರೆದರೆ ಯಾರು ಕೇಳುತ್ತಾರೆ? ಸ್ವಾಧೀನಕ್ಕೆ ಮೊದಲು ‘60 ದಿನದಲ್ಲಿ ಸಾಲ ಕಟ್ಟಿ’ ಅಂತ ಬ್ಯಾಂಕ್ ಕೊಡಬೇಕಾದ ನೋಟಿಸ್ ಯಾವ ತಾರೀಕಿಗೆ ಕೈಸೇರಿತು, ನಿಮ್ಮ ಆಕ್ಷೇಪಣೆಗೆ 15 ದಿನದಲ್ಲಿ ಉತ್ತರ ಬಂತಾ, ಕಟ್ಟಿದ ಯಾವ ಕಂತು ಲೆಕ್ಕಕ್ಕೆ ಸೇರಿಲ್ಲ, ಒಂದೊಂದನ್ನೂ ಬಿಡಿಸಿ ಬರೆದು ರಸೀದಿ ಲಗತ್ತಿಸಿ.

ನಿಮ್ಮ ದೊಡ್ಡ ತಕರಾರು 31(ಐ) ಕಲಂ: ಕೃಷಿ ಜಮೀನಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಆದರೆ ಉತಾರ (ಪಹಣಿ) ಒಂದನ್ನೇ ನಂಬಬೇಡಿ. ಅಡವಿಟ್ಟಾಗಲೂ ಈಗಲೂ ಅಲ್ಲಿ ಬೆಳೆ ಇದೆ ಅಂತ ತೋರಿಸಬೇಕು, ನಿಂಬೆ ಮಾರಿದ ಪಟ್ಟಿ, ಫೋಟೊ ಎಲ್ಲಾ ಕೊಡಿ.