ಎಲೆಚುಕ್ಕಿ ಕಾಲದಲ್ಲಿ ಸಂಗೀತ ಕಛೇರಿ ಸರಣಿ: ನಡೆಸಿ, ಆದರೆ ಜಗಲಿಯಲ್ಲಿ

ತೀರ್ಥಹಳ್ಳಿಯಲ್ಲಿ ನಿಮ್ಮದು ನಾಲ್ಕು ಜನರ ತಂಡ, ಎಲೆಚುಕ್ಕಿ ರೋಗ ಬಂದು ಅಡಿಕೆ ತೋಟದವರ ಕೈ ಖಾಲಿ, ಈ ವರ್ಷ ಸಂಗೀತ ಕಛೇರಿ ಸರಣಿ ನಡೆಸುವುದಾ ಬಿಡುವುದಾ ಅಂತ ಕೇಳಿದ್ದೀರಿ. ನಡೆಸಿ. ಸಭಾಂಗಣದ ಬಾಡಿಗೆ ಮಾತ್ರ ಬೇಡ. ಹಾಡುಗಾರಿಕೆ, ಪಿಟೀಲು, ಮೃದಂಗ, ತಂಬೂರಿ. ಇಷ್ಟಕ್ಕೆ ಹಳೇ ಮನೆಯ ಜಗಲಿ ಸಾಕು. 30-40 ಜನರಿಗೆ ಮೈಕೂ ಬೇಡ. ಕರೆಂಟ್ ಹೋದರೂ ಕಛೇರಿ ನಿಲ್ಲುವುದಿಲ್ಲ, ಅಲ್ವಾ?

ತಿಂಗಳು ಮಾತ್ರ ನೋಡಿ ಇಟ್ಟುಕೊಳ್ಳಿ. ಜೂನ್‌ನಿಂದ ಆಗಸ್ಟ್ ಬೇಡವೇ ಬೇಡ. ತಗಡಿನ ಮಾಡಿನ ಮೇಲೆ ಮಳೆ ಹೊಡೆದರೆ ತಂಬೂರಿ ಯಾರಿಗೂ ಕೇಳಿಸದು. ಥಂಡಿಗೆ ಮೃದಂಗದ ಚರ್ಮ ಸಡಿಲಾಗಿ ಶ್ರುತಿ ಇಳಿಯುತ್ತದೆ. ನಡುನಡುವೆ ಕಲ್ಲು ಹಿಡಿದು ಬಡಿಯುತ್ತಾ ಕೂರಬೇಕು, ಪಾಪ. ಅಡಿಕೆ ಕೊಯ್ಲಿನಲ್ಲಂತೂ ಸಂಜೆಯೆಲ್ಲ ಸುಲಿಯುವುದೇ ಆಗುತ್ತದೆ, ಯಾರು ಬರುತ್ತಾರೆ? ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಮೂರೇ ಕಛೇರಿ ಇಡಿ.

ಟಿಕೆಟ್ ಬೇಡ, ಬಾಗಿಲಲ್ಲಿ ಒಂದು ಡಬ್ಬಿ ಇಡಿ. ಆದರೆ ಪಕ್ಕವಾದ್ಯದವರ ಸಂಭಾವನೆ ಮೊದಲೇ ತೆಗೆದಿಡಿ. ದುಡ್ಡು ಕಮ್ಮಿಯಾದಾಗ ಜಾಸ್ತಿ ಜನ ಮೊದಲು ಕತ್ತರಿ ಹಾಕುವುದು ಅದಕ್ಕೇ. ನನಗದು ಸರಿ ಕಾಣುವುದಿಲ್ಲ. ಇನ್ನು ಕಾಫಿ, ಅವಲಕ್ಕಿಯ ಖರ್ಚನ್ನು ಜಗಲಿ ಕೊಟ್ಟ ಮನೆಯವರ ಮೇಲೆ ಹಾಕಬೇಡಿ.