ಈಗಿನ ಮಕ್ಕಳು ಶಾಲೆಯಲ್ಲಿ ಯಾವ ಕೌಶಲ ಕಲಿಯಬೇಕು?

ಮೊದಲು ಬೇಕಾದದ್ದು ಪ್ರಶ್ನೆ ಕೇಳುವ ಧೈರ್ಯ. ಅಂಕ ಆಮೇಲೆ. ಅಪ್ಪನ ಜೊತೆ ಬ್ಯಾಡಗಿ ಮಾರುಕಟ್ಟೆಗೆ ಹೋದ ಹುಡುಗಿ, ನಮ್ಮ ಮೆಣಸಿನಕಾಯಿಗೆ ಪಕ್ಕದ ರಾಶಿಗಿಂತ ಯಾಕೆ ಕಡಿಮೆ ದರ ಅಂತ ಕೇಳಿ, ಬಣ್ಣ ಮತ್ತು ತೇವ ನೋಡಿ, ಕ್ವಿಂಟಲ್ ಲೆಕ್ಕ ಹಾಕಿ ಅಪ್ಪನಿಗೆ ಬಿಡಿಸಿ ಹೇಳಿದರೆ, ಗಣಿತ, ವಿಜ್ಞಾನ, ಮಾತು ಮೂರೂ ಅಲ್ಲೇ ಬಂದವು ಅಲ್ವಾ? ಸುಮ್ನೆ ಬಾಯಿಪಾಠ ಮಾಡಿದರೆ ಇದು ಬರುವುದಿಲ್ಲ.

ಇನ್ನೊಂದು, ಕೂಡಿ ಕೆಲಸ ಮಾಡುವುದು. ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರ ಸಂಘ ಶುರುವಾಯಿತು. ಒಬ್ಬರನ್ನೊಬ್ಬರು ನಂಬಿ, ಲೆಕ್ಕವನ್ನು ಎಲ್ಲರ ಮುಂದೆ ಇಡುವ ಗುಣ ಅದಕ್ಕೆ ಬೇಕು. ಅದನ್ನು ತರಗತಿಯ ಗುಂಪು ಕೆಲಸದಲ್ಲೇ ಬೆಳೆಸಬಹುದು.

ಮೊಬೈಲ್ ಬಳಸುವುದು ಮಕ್ಕಳಿಗೆ ನಮಗಿಂತ ಜಾಸ್ತಿ ಗೊತ್ತು. ವಾಟ್ಸಾಪ್‌ನಲ್ಲಿ ಬಂದ ಸುದ್ದಿ ನಿಜವೋ ಸುಳ್ಳೋ ಅಂತ ನೋಡುವುದನ್ನು ಮಾತ್ರ ಖಂಡಿತ ಕಲಿಸಬೇಕು.